ಸಹಿಗೊಬ್ಬ ಸೋದರಮಾವ

ಆ ದಿನ ಅಜ್ಜಿ ಬಾಗಿಲಾಚೆಯ ಬೆಂಚಿನ ಮೇಲೆ ಕೂತಿದ್ದಳು. ತೊಡೆಯ ಮೇಲೆ ಸ್ಟೀಲ್ ಡಬ್ಬಿ, ಅದರ ಸುತ್ತ ಹಳೇ ಸೀರೆಯ ತುಂಡು ಬಿಗಿದು ಕಟ್ಟಿದ ಗಂಟು. ಮೊಮ್ಮಗಳಿಗೆಂದು ರೊಟ್ಟಿ, ಶೇಂಗಾ ಹಿಂಡಿ. ಒಳಗೆ ಮಕ್ಕಳ ಕಲ್ಯಾಣ ಸಮಿತಿಯ ಸಭೆ ನಡೆದಿತ್ತು. ಮೇಜಿನ ಈಚೆ ನಾವು ಮೂವರು ಸದಸ್ಯರು, ಆಚೆ ಎರಡು ಪ್ಲಾಸ್ಟಿಕ್ ಕುರ್ಚಿ. ಒಂದರಲ್ಲಿ ಹುಡುಗಿ, ಇನ್ನೊಂದರಲ್ಲಿ ಅವಳ ಸೋದರಮಾವ.

ಹುಡುಗಿಗೆ ಹದಿನಾಲ್ಕು. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಗೋವಾಕ್ಕೆ ದುಡಿಯಲು ಹೋದ ತಂದೆ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ತಾಯಿಯ ತವರಿನಲ್ಲೇ ಬೆಳೆದವಳು. ಅರಿಶಿನ ಹಚ್ಚಿದ ಮೇಲೆ ಯಾರೋ ಫೋನ್ ಮಾಡಿ, ಪೊಲೀಸರೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೂ ಹೋಗಿ ಮದುವೆ ನಿಲ್ಲಿಸಿ, ಅವಳನ್ನು ಬಾಲಮಂದಿರಕ್ಕೆ ತಂದು ಬಿಟ್ಟಿದ್ದರು. ಮೂರು ವಾರ ಕಳೆದು ಮಾವ ಬಂದ. ಇಸ್ತ್ರಿ ಅಂಗಿ, ಕೈಯಲ್ಲಿ ಆಧಾರ್ ಜೆರಾಕ್ಸ್, ರೇಷನ್ ಕಾರ್ಡು, ಛಾಪಾ ಕಾಗದ. ಹದಿನೆಂಟು ತುಂಬುವ ತನಕ ಮದುವೆ ಮಾಡುವುದಿಲ್ಲ, ಶಾಲೆ ಬಿಡಿಸುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟ. ‘ಮಾವನ ಸಂಗಾಟ ಹೋಗ್ತೀಯೇನವಾ?’ ಎಂದು ಹುಡುಗಿಯನ್ನು ಕೇಳಿದೆವು. ತಲೆ ಆಡಿಸಿದಳು. ಮಾವ ಮೊಣಕೈ ತಾಗುವಷ್ಟು ಹತ್ತಿರ ಕೂತಿರುವಾಗ ಇನ್ನೇನು ಮಾಡಿಯಾಳು?

ಅಷ್ಟರಲ್ಲಿ ಅಜ್ಜಿ ಬಾಗಿಲ ಸಂದಿಯಲ್ಲಿ ಮುಖ ತೂರಿಸಿದಳು. ‘ಅಕ್ಕಾರ, ನಂದೂ ಒಂದ್ ಮಾತ್ ಐತ್ರಿ.’

‘ಆಯಿ, ಒಳಗ ಸಭಾ ನಡದೈತಿ, ಅಲ್ಲೇ ಕೂಡು,’ ಎಂದು ಜವಾನ ಗದರಿದ. ನಾನೂ ಕೈಸನ್ನೆಯಲ್ಲೇ ‘ಆಮೇಲೆ’ ಎಂದೆ. ಆ ‘ಆಮೇಲೆ’ ಬರಲೇ ಇಲ್ಲ. ಇಪ್ಪತ್ತು ನಿಮಿಷದಲ್ಲಿ ಆದೇಶ ಬರೆದು, ಮೊಹರು ಒತ್ತಿ, ಮುಂದಿನ ಫೈಲು ಎತ್ತಿಕೊಂಡೆವು. ಅಜ್ಜಿಯ ಮಾತು ಏನಿತ್ತೆಂದು ನಾಲ್ಕು ತಿಂಗಳ ಮೇಲೆ ತಿಳಿಯಿತು. ಗಂಡು ಬೇರೆ ಯಾರೂ ಅಲ್ಲ, ಮಾವನ ಹೆಂಡತಿಯ ತಮ್ಮ. ಮಾವ ಆ ಮನೆಯವರಿಗೆ ದುಡ್ಡು ಕೊಡಬೇಕಿತ್ತು. ಪಕ್ಕದ ಜಿಲ್ಲೆಯ ಗುಡಿಯೊಂದರಲ್ಲಿ ಸದ್ದಿಲ್ಲದೆ ತಾಳಿ ಕಟ್ಟಿಸಿದ್ದರು. ಸುದ್ದಿ ನಮಗೆ ಮುಟ್ಟಿಸಿದ್ದು ಹುಡುಗಿಯ ತಂದೆಯ ತಂಗಿ, ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಂಗಸು. ಊಟದ ಬಿಡುವಿನಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದ್ದಳು. ಅಂಥ ಸೋದರತ್ತೆಯೊಬ್ಬಳು ಇದ್ದಾಳೆಂಬುದೇ ನಮ್ಮ ಫೈಲಿನಲ್ಲಿ ಇರಲಿಲ್ಲ.

ಇದನ್ನೆಲ್ಲ ಹೇಳುತ್ತಿರುವುದು ತಪ್ಪೊಪ್ಪಿಗೆಗಲ್ಲ. ತಪ್ಪು ಮಾಡಿದವಳು ನಾನೇ, ನಿಜ. ಆದರೆ ಆ ದಿನ ನಾವು ಯಾವ ನಿಯಮವನ್ನೂ ಮೀರಿರಲಿಲ್ಲ. ಸಭೆ ನಡೆಯುವಾಗ ಪ್ರಕರಣಕ್ಕೆ ಸಂಬಂಧವಿಲ್ಲದವರು ಕೋಣೆಯೊಳಗೆ ಇರಬಾರದು ಎಂದು ಬಾಲನ್ಯಾಯ ನಿಯಮಗಳೇ ಹೇಳುತ್ತವೆ. ಮಗುವಿನ ಮರ್ಯಾದೆ ಕಾಯಲೆಂದು ಮಾಡಿದ ಒಳ್ಳೆಯ ನಿಯಮ. ಅದನ್ನು ಹಿಡಿದು ನಾವು ಹೊರಗೆ ಕೂರಿಸಿದ್ದು ಹೆತ್ತ ತಾಯಿಯ ತಾಯಿಯನ್ನು, ಸಂಬಂಧವಿಲ್ಲದವಳೆಂದು.

ಬಳಗವನ್ನೆಲ್ಲ ಕೂರಿಸಿ ಕೇಳಬೇಕೆಂಬ ಮಾತನ್ನು ತರಬೇತಿ ಶಿಬಿರದಲ್ಲಿ ಎತ್ತಿ, ಸಚಿವಾಲಯದ ಕಾರಿಡಾರಿನಲ್ಲಿ ಎತ್ತಿ, ಕೊನೆಗೆ ನೆಂಟರ ಮನೆಯ ಊಟದ ಪಂಕ್ತಿಯಲ್ಲಿ ಎತ್ತಿದರೂ ಒಂದೇ ಸಿದ್ಧ ಉತ್ತರ. ‘ಕುಟುಂಬವನ್ನು ಕೇಳಿ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದು ಬಿಳಿಯರ ತೊಂದರೆ. ಅಲ್ಲಿ ಅಪ್ಪ-ಅಮ್ಮ ಬಿಟ್ಟರೆ ಸರ್ಕಾರವೇ ಗತಿ. ನಮ್ಮಲ್ಲಿ ಅಜ್ಜ-ಅಜ್ಜಿ, ದೊಡ್ಡಪ್ಪ, ಚಿಕ್ಕಮ್ಮ, ಸೋದರಮಾವ, ಬಳಗವೇ ಇದೆ. ಮಗು ಅವರ ಕೈಗೆ ಹೋಗೇ ಹೋಗುತ್ತದೆ.’ ಕೇಳಲು ಹಿತವಾಗಿದೆ. ಅರ್ಧ ನಿಜವೂ ಹೌದು. ನಮ್ಮಲ್ಲಿ ಮಗು ಬಂಧುಗಳ ಕೈಗೆ ಹೋಗುತ್ತದೆ. ಆದರೆ ಬಂಧುಗಳ ಕೈಗೆ ಕೊಡುವುದು ಬೇರೆ, ಬಂಧುಗಳನ್ನು ಕೇಳುವುದು ಬೇರೆ. ಮೊದಲನೆಯದನ್ನು ಧಾರಾಳವಾಗಿ ಮಾಡುತ್ತೇವೆ, ಖರ್ಚಿಲ್ಲವಲ್ಲ. ಎರಡನೆಯದನ್ನು ಮಾಡಿದ್ದೇ ಇಲ್ಲ. ಬಳಗವೆಂದರೆ ನಮ್ಮ ವ್ಯವಸ್ಥೆಗೆ ಬೇಕಿರುವುದು ಸಹಿಗೊಬ್ಬ ಮನುಷ್ಯ. ಅವನಿಗೆ ಆಧಾರ್ ಇರಬೇಕು, ಗಂಡಸಾದರೆ ಕೆಲಸ ಇನ್ನೂ ಬೇಗ.

2015ರ ಬಾಲನ್ಯಾಯ ಕಾಯ್ದೆಯನ್ನೇ ತೆಗೆದು ನೋಡಿ. ಮೂರನೆಯ ಕಲಮಿನಲ್ಲಿ ತತ್ತ್ವಗಳ ಮೆರವಣಿಗೆಯೇ ಇದೆ: ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಹಾದಿ, ಮಗುವಿನ ಮಾತಿಗೆ ಕಿವಿಗೊಡಬೇಕು. ಸಮಿತಿಯಲ್ಲಿ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರಬೇಕು, ತಿಂಗಳಿಗೆ ಇಪ್ಪತ್ತು ದಿನವಾದರೂ ಕೂಡಬೇಕು, ಅದಕ್ಕೆ ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಅಧಿಕಾರ. ಮಗುವಿನ ಹಿನ್ನೆಲೆಯನ್ನು ಸಮಾಜ ಕಾರ್ಯಕರ್ತರು ಹದಿನೈದು ದಿನದಲ್ಲಿ ವಿಚಾರಿಸಿ ಸಾಮಾಜಿಕ ತನಿಖಾ ವರದಿ ಕೊಡಬೇಕು. ಇಷ್ಟೆಲ್ಲ ಇದೆ. ‘ಬಂಧು’ ಎಂದರೆ ಯಾರು ಎಂಬುದಕ್ಕೆ ವ್ಯಾಖ್ಯಾನವೂ ಇದೆ. ತಂದೆಯ ಕಡೆ, ತಾಯಿಯ ಕಡೆ ಎರಡೂ ಸೇರಿಸಿ ಚಿಕ್ಕಪ್ಪ, ಅತ್ತೆ, ಮಾವ, ಚಿಕ್ಕಮ್ಮ, ಅಜ್ಜ, ಅಜ್ಜಿ. ಆದರೆ ಆ ವ್ಯಾಖ್ಯಾನ ದತ್ತು ಕೊಡುವ ಸಂದರ್ಭಕ್ಕೆ ಮಾತ್ರ. ಮಗುವನ್ನು ತೆಗೆದುಕೊಳ್ಳುವವರಾಗಿ ಬಂಧುಗಳಿದ್ದಾರೆ, ಮಗುವಿನ ಬಗ್ಗೆ ತೀರ್ಮಾನಿಸುವವರಾಗಿ ಎಲ್ಲೂ ಇಲ್ಲ. ತನಿಖಾ ವರದಿಯ ನಮೂನೆಯಲ್ಲಿ ಮನೆಯವರ ವಯಸ್ಸು, ಓದು, ಆದಾಯ, ಕಾಯಿಲೆ, ಚಟ ಎಲ್ಲಕ್ಕೂ ಕಾಲಂ. ಬಳಗವೆಲ್ಲ ಕೂಡಿ ಏನು ಹೇಳಿತು ಎಂದು ಬರೆಯಲು ಜಾಗವೇ ಇಲ್ಲ.

ಕೇಳುವ ಪದ್ಧತಿಯನ್ನು ಕಾನೂನಾಗಿ ಮೊದಲು ಬರೆದದ್ದು ನ್ಯೂಜಿಲೆಂಡ್. ಬರೆಸಿಕೊಂಡವರು ಬಿಳಿಯರಲ್ಲ, ಅಲ್ಲಿನ ಮೂಲನಿವಾಸಿ ಮಾವೊರಿ ಜನ. ‘ಬಿಳಿಯರ ತೊಂದರೆ’ ಎನ್ನುವವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಅವರದು ನಮಗಿಂತ ಗಟ್ಟಿಯಾದ ಬಳಗ. ‘ಫಾನೌ’ ಎಂದರೆ ಅಜ್ಜ-ಅಜ್ಜಿ, ಅತ್ತೆ-ಮಾವ, ಅಣ್ಣತಮ್ಮಂದಿರ ಮಕ್ಕಳು ಎಲ್ಲ ಕೂಡಿದ ಮನೆತನ. ಅದರಾಚೆಗೆ ‘ಹಾಪು’, ಅದರಾಚೆಗೆ ‘ಇವಿ’ ಎಂಬ ಬುಡಕಟ್ಟು. ಇಷ್ಟು ದೊಡ್ಡ ಬಳಗವಿದ್ದೂ ಅವರ ಮಕ್ಕಳನ್ನು ಸರ್ಕಾರದ ಇಲಾಖೆ ಎತ್ತಿಕೊಂಡು ಹೋಗಿ ಸಂಸ್ಥೆಗಳಲ್ಲೋ ಪರರ ಮನೆಗಳಲ್ಲೋ ಇಡುತ್ತಿತ್ತು. 1980ರ ದಶಕದ ನಡುವೆ ಜಾನ್ ರಂಗಿಹೌ ಎಂಬ ಮಾವೊರಿ ಹಿರಿಯರ ಸಮಿತಿಯೊಂದು ದೇಶವೆಲ್ಲ ತಿರುಗಿ, ಜನರ ಅಂಗಳದಲ್ಲಿ ಕೂತು ಕೇಳಿ ವರದಿ ಬರೆಯಿತು. ಅದಕ್ಕಿಟ್ಟ ಹೆಸರು ‘ಪುಆಒ ತೆ ಅತಾ ತೂ’, ಬೆಳಗು ಹರಿಯುವುದು ಎಂಬ ಅರ್ಥದ್ದು. ಇಲಾಖೆಯ ನಡವಳಿಕೆಯಲ್ಲೇ ಜನಾಂಗಭೇದ ಹೊಕ್ಕಿದೆ ಎಂದು ವರದಿ ಮುಚ್ಚುಮರೆ ಇಲ್ಲದೆ ಹೇಳಿತು. ಬಳಗ ಇರುವುದು ಸಾಲದು, ಬಳಗವನ್ನು ಕೇಳುವ ಕಟ್ಟಳೆ ಬೇಕು ಎಂಬುದು ಅಲ್ಲಿಂದ ಹುಟ್ಟಿದ ಮಾತು. 1989ರ ಕಾಯ್ದೆ ಅದಕ್ಕೆ ರೂಪ ಕೊಟ್ಟಿತು. ಕುಟುಂಬ ಸಭೆ ಎನ್ನೋಣ.

ಆ ಸಭೆಯ ನಡೆ ನೋಡಿ. ಕರೆಯುವವರು ಸಂಯೋಜಕರು, ಪ್ರಕರಣ ನಡೆಸುವ ಸಮಾಜ ಕಾರ್ಯಕರ್ತರಲ್ಲ, ಬೇರೆಯವರು. ಎಲ್ಲಿ, ಯಾವಾಗ ಕೂಡಬೇಕೆಂದು ಮನೆತನವನ್ನೇ ಕೇಳಬೇಕು. ಬೇಕಿದ್ದರೆ ತಮ್ಮ ಸಮುದಾಯದ ಅಂಗಳದಲ್ಲೇ ಕೂಡಬಹುದು. ಮೊದಲು ಅಧಿಕಾರಿಗಳು ತಮಗೆ ಗೊತ್ತಿರುವುದನ್ನೆಲ್ಲ ಬಳಗದ ಮುಂದೆ ಬಿಚ್ಚಿಡುತ್ತಾರೆ: ಮಗುವಿಗೆ ಏನಾಗಿದೆ, ವೈದ್ಯರು ಏನೆಂದರು, ಶಾಲೆಯವರು ಏನೆಂದರು. ಆಮೇಲೆ ಎದ್ದು ಹೊರಗೆ ಹೋಗುತ್ತಾರೆ. ಹೌದು, ಹೊರಗೆ ಹೋಗುವವರು ಅವರು. ಬಳಗ ಒಳಗೆ ಕೂತು ಮಾತಾಡುತ್ತದೆ, ಅಳುತ್ತದೆ, ಹಳೇ ಸಾಲದ ಲೆಕ್ಕ ತೆಗೆಯುತ್ತದೆ, ಮುನಿಸಿಕೊಂಡವರು ಎದ್ದು ಹೋಗಿ ಮತ್ತೆ ಬರುತ್ತಾರೆ. ಕೊನೆಗೆ ಒಂದು ಯೋಜನೆ ಹಿಡಿದು ಅಧಿಕಾರಿಗಳನ್ನು ಒಳಗೆ ಕರೆಯುತ್ತದೆ. ಅಧಿಕಾರಿಗಳು ಒಪ್ಪಿದರೆ ಅದೇ ಹಾದಿ, ಒಪ್ಪದಿದ್ದರೆ ಕುಟುಂಬ ನ್ಯಾಯಾಲಯ. ಯಾರಾದರೂ ಬರುವುದು ಮಗುವಿಗೆ ಕೇಡು ಎಂದು ಕಂಡರೆ ಅವರನ್ನು ಹೊರಗಿಡುವ ಅಧಿಕಾರವೂ ಸಂಯೋಜಕರಿಗಿದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮೂರ ಹೆಣ್ಣು ಗಂಡಿನ ಮಾತುಕತೆ. ಎಲೆ ಅಡಿಕೆ ತಟ್ಟೆ ನಡುವೆ ಇಟ್ಟು ಇಪ್ಪತ್ತು ಮಂದಿ ಕೂಡುತ್ತಾರೆ, ಎಷ್ಟು ತೊಲೆ, ಯಾರ ಬಾಗಿಲಲ್ಲಿ ಲಗ್ನ ಎಂದು ಮೂರು ತಾಸು ಮಾತಾಡುತ್ತಾರೆ, ‘ನಮ್ಮ ಸಣ್ಣ ಕಾಕಾ ಇನ್ನೂ ಬಂದಿಲ್ಲ, ತಡೀರಿ’ ಎನ್ನುತ್ತಾರೆ. ಮದುವೆ ಮಾಡಲು ಇಷ್ಟು ಜನ ಬೇಕು. ನಿಂತುಹೋದ ಬಾಲ್ಯವಿವಾಹದ ಹುಡುಗಿ ನಾಳೆ ಯಾರ ಮನೆಯಲ್ಲಿ ಮಲಗಬೇಕು ಎಂದು ಹೇಳಲು ಒಬ್ಬನ ಹೆಬ್ಬೆಟ್ಟು ಸಾಕು.

ನ್ಯೂಜಿಲೆಂಡಿಗೆ ಹಾರ ಹಾಕಿ ಮೆರೆಸುವ ಇರಾದೆ ನನಗಿಲ್ಲ. ಕಾಯ್ದೆ ಬಂದು ಮೂವತ್ತು ವರ್ಷವಾದ ಮೇಲೆ, 2019ರಲ್ಲಿ, ಹೇಸ್ಟಿಂಗ್ಸ್ ಊರಿನ ಆಸ್ಪತ್ರೆಯಲ್ಲಿ ಹಸುಗೂಸೊಂದನ್ನು ಮಾವೊರಿ ಬಾಣಂತಿಯ ಮಗ್ಗುಲಿಂದ ಎತ್ತಿಕೊಂಡು ಹೋಗಲು ಅಧಿಕಾರಿಗಳು ಬಂದಿದ್ದರು. ಬಳಗದವರೂ ಸೂಲಗಿತ್ತಿಯರೂ ಅಡ್ಡ ನಿಂತರು. ದೇಶವೇ ಎದ್ದು ಕೂತಿತು, ವಿಚಾರಣೆಯ ಮೇಲೆ ವಿಚಾರಣೆ ನಡೆದವು. ಹಳೆಯ ವರದಿ ಕೇಳಿದ್ದನ್ನು ಸರ್ಕಾರ ಮನಸಾರೆ ಕೊಡಲೇ ಇಲ್ಲ, ಸಭೆ ಕರೆಯುವ ಶಾಸ್ತ್ರ ಮಾಡಿ ಹಣವನ್ನೂ ಅಧಿಕಾರವನ್ನೂ ತನ್ನಲ್ಲೇ ಇಟ್ಟುಕೊಂಡಿತು ಎಂಬುದು ಮಾವೊರಿ ಜನರ ಹಳೆಯ ದೂರು. ಆ ದೂರಿಗೆ ಬಲ ಕೊಡುವಂಥ ಮಾತುಗಳನ್ನು ಮಾವೊರಿ ಜನರ ದೂರುಗಳನ್ನು ಕೇಳುವ ವೈತಾಂಗಿ ನ್ಯಾಯಮಂಡಳಿ 2021ರಲ್ಲಿ ಆಡಿತು. ಕಟ್ಟಳೆ ಇದ್ದಲ್ಲೇ ಹೀಗೆ. ಕಟ್ಟಳೆಯೂ ಇಲ್ಲದ ಕಡೆ ಏನು ಹೇಳುವುದು?

ನಮ್ಮವರಿಗೆ ಬಳಗದ ಹೆಮ್ಮೆ ಉಕ್ಕಿ ಬಂದ ಒಂದು ಪ್ರಕರಣವಿದೆ. 2011ರ ಮೇ ತಿಂಗಳಲ್ಲಿ ನಾರ್ವೆಯ ಸ್ಟಾವಂಗರಿನಲ್ಲಿ ಬಂಗಾಳಿ ದಂಪತಿಯ ಇಬ್ಬರು ಎಳೆಯ ಮಕ್ಕಳನ್ನು ಅಲ್ಲಿನ ಮಕ್ಕಳ ಇಲಾಖೆ ಎತ್ತಿಕೊಂಡು ಹೋಯಿತು. ಕೈತುತ್ತು ತಿನ್ನಿಸುತ್ತಾರೆ, ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಾರೆ ಎಂಬುದೂ ಆಕ್ಷೇಪ ಎಂದು ಸುದ್ದಿಯಾಗಿ ಇಲ್ಲಿ ರೊಚ್ಚೆದ್ದಿತು. ವಿದೇಶಾಂಗ ಸಚಿವಾಲಯ ಮಾತಾಡಿತು, ಸಂಸತ್ತು ಮಾತಾಡಿತು. 2012ರ ಏಪ್ರಿಲ್‌ನಲ್ಲಿ ಮಕ್ಕಳನ್ನು ತಂದೆಯ ಸಹೋದರನ ಕೈಗೆ ಒಪ್ಪಿಸಲಾಯಿತು. ಮಕ್ಕಳು ಭಾರತಕ್ಕೆ ಬಂದವು, ನಾವು ಚಪ್ಪಾಳೆ ತಟ್ಟಿದೆವು. 2023ರಲ್ಲಿ ಸಿನಿಮಾವೂ ಬಂತು. ಆದರೆ ಚಪ್ಪಾಳೆ ನಿಂತ ಮೇಲೆ ಆದದ್ದೇನು? ಮಕ್ಕಳು ಚಿಕ್ಕಪ್ಪನ ಮನೆಯಲ್ಲಿ, ತಾಯಿ ಹೊರಗೆ. ಹೆತ್ತವಳು ತನ್ನದೇ ದೇಶದಲ್ಲಿ ಮಕ್ಕಳ ಕಲ್ಯಾಣ ಸಮಿತಿಗೆ, ಅಲ್ಲಿಂದ ಕಲ್ಕತ್ತಾ ಹೈಕೋರ್ಟಿಗೆ ಅಲೆದು 2013ರ ಜನವರಿಯಲ್ಲಿ ಮಕ್ಕಳನ್ನು ಪಡೆಯಬೇಕಾಯಿತು. ಭಾರತದ ಬಳಗವನ್ನು ನಾರ್ವೆ ಅರಿಯಲಿಲ್ಲ ಎಂದು ಬೈದ ನಾವು ಬಳಗವೆಂದು ತೋರಿಸಿದ್ದು ಒಬ್ಬನನ್ನು. ತಾಯಿಯ ಕಡೆಯವರನ್ನೂ ತಂದೆಯ ಕಡೆಯವರನ್ನೂ ಒಂದೇ ಜಮಖಾನೆಯ ಮೇಲೆ ಕೂರಿಸಿ ಕೇಳಬೇಕೆಂದು ಅಲ್ಲಿಯವರಿಗೂ ಹೊಳೆಯಲಿಲ್ಲ, ಇಲ್ಲಿಯವರಿಗೂ ಹೊಳೆಯಲಿಲ್ಲ.

ಒಬ್ಬರನ್ನೇ ಆರಿಸುವ ಈ ಚಟ ಮೇಲಿನ ತನಕವೂ ಇದೆ. 2021ರಲ್ಲಿ ಅಹಮದಾಬಾದಿನಲ್ಲಿ ಐದರ ಬಾಲಕನೊಬ್ಬ ಒಂದು ತಿಂಗಳ ಅಂತರದಲ್ಲಿ ತಂದೆ-ತಾಯಿ ಇಬ್ಬರನ್ನೂ ಕೋವಿಡ್‌ಗೆ ಕಳೆದುಕೊಂಡ. ತಂದೆಯ ಕಡೆಯ ಅಜ್ಜ-ಅಜ್ಜಿ ಒಂದು ಕಡೆ, ತಾಯಿಯ ಸಹೋದರಿ ಇನ್ನೊಂದು ಕಡೆ. ಮಾವಶಿಗೆ ಸರ್ಕಾರಿ ನೌಕರಿ, ಮದುವೆಯಿಲ್ಲ, ಮನೆಯಲ್ಲಿ ಜನವಿದ್ದಾರೆ, ಅಜ್ಜ-ಅಜ್ಜಿಗೋ ವಯಸ್ಸಾಯಿತು ಎಂದು ಗುಜರಾತ್ ಹೈಕೋರ್ಟು ಅವಳ ಕೈಗೆ ಕೊಟ್ಟಿತು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು: ಆದಾಯ, ವಯಸ್ಸು, ಮನೆಯ ಗಾತ್ರ ಅಳತೆಗೋಲಾಗಬಾರದು. ಅಲ್ಲಿಗೆ ಸರಿ. ಅದರ ಜೊತೆಗೆ, ನಮ್ಮ ಸಮಾಜದಲ್ಲಿ ಇಂದಿಗೂ ತಂದೆಯ ಕಡೆಯ ಅಜ್ಜ-ಅಜ್ಜಿಯೇ ಮೊಮ್ಮಗನನ್ನು ಹೆಚ್ಚು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂಬ ಅರ್ಥದ ಮಾತನ್ನೂ ಆಡಿತು. ಅಜ್ಜನ ಪರ ತೀರ್ಪು ಬಂದದ್ದಕ್ಕೆ ನನ್ನ ತಕರಾರಿಲ್ಲ. ಈ ಕೊನೆಯ ಮಾತಿಗಿದೆ. ‘ನಮ್ಮ ಸಮಾಜದಲ್ಲಿ’ ಎಂದು ಆರಂಭವಾಗುವ ವಾಕ್ಯ ಆ ಒಂದು ಮಗುವಿನ ಬಳಗದ ಬಗ್ಗೆ ಏನನ್ನೂ ಹೇಳುವುದಿಲ್ಲ. ಆ ಹುಡುಗನಿಗೆ ರಾತ್ರಿ ಯಾರ ಹಾಡು ಕೇಳಿದರೆ ನಿದ್ದೆ ಬರುತ್ತಿತ್ತು, ಮಾವಶಿಯ ಮನೆಗೆ ಎಷ್ಟು ಸಲ ಹೋಗಿದ್ದ, ಬೇಸಿಗೆ ರಜೆ ಎಲ್ಲಿ ಕಳೆಯುತ್ತಿದ್ದ? ನ್ಯಾಯಾಲಯದಲ್ಲಿ ಪ್ರಶ್ನೆ ‘ಯಾರಿಗೆ?’ ಎಂದೇ ಇರುತ್ತದೆ. ಒಂದು ಕಡೆಯವರು ಗೆಲ್ಲಬೇಕು, ಇನ್ನೊಂದು ಕಡೆಯವರು ಸೋಲಬೇಕು. ಜಮಖಾನೆಯ ಮೇಲೆ ಕೂತರೆ ಪ್ರಶ್ನೆ ‘ಯಾರ್ಯಾರು ಏನೇನು?’ ಎಂದಾದೀತು.

ಈಗ ನಿಜವಾದ ಆಕ್ಷೇಪಕ್ಕೆ ಬರುತ್ತೇನೆ. ಇದನ್ನು ಹೇಳುವವರು ನನ್ನ ಗೆಳತಿಯರೇ, ಹೆಣ್ಣುಮಕ್ಕಳ ಪರ ವರ್ಷಗಟ್ಟಲೆ ದುಡಿದವರು. ‘ಬಳಗ, ಬಳಗ ಅಂತೀಯಲ್ಲ, ಬಾಲ್ಯವಿವಾಹ ಮಾಡೋದು ಯಾರು? ಬಳಗವೇ ಅಲ್ಲವೇ? ಮನೆಯೊಳಗಿನ ಕಾಮುಕ ಯಾರು? ಮಾವ, ದೊಡ್ಡಪ್ಪ, ಅಣ್ಣನೇ ಅಲ್ಲವೇ? ಅವರನ್ನೆಲ್ಲ ಕೂರಿಸಿ ತೀರ್ಮಾನ ಕೇಳಿದರೆ ಕುರಿಯನ್ನು ತೋಳನ ಪಂಚಾಯ್ತಿಗೆ ಹಾಕಿದ ಹಾಗೆ.’ ಈ ಮಾತಿಗೆ ತೂಕವಿದೆ. ಕರ್ನಾಟಕದಲ್ಲಿ 20ರಿಂದ 24 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 21ರಷ್ಟು ಮಂದಿಗೆ ಹದಿನೆಂಟಕ್ಕೆ ಮುಂಚೆಯೇ ಮದುವೆಯಾಗಿತ್ತು ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಬಾಲ್ಯವಿವಾಹ ಹುಟ್ಟಿನಿಂದಲೇ ಅಸಿಂಧು ಎಂದು ನಮ್ಮ ರಾಜ್ಯ ಕೇಂದ್ರದ ಕಾಯ್ದೆಗೆ ತಿದ್ದುಪಡಿ ತಂದಿದೆ. ಸೋದರಮಾವನಿಗೇ ಅಕ್ಕನ ಮಗಳನ್ನು ಕೊಡುವ ಸೀಮೆ ನಮ್ಮದು. ಹುಡುಗಿಯ ಪಾಲಕ ಎಂದು ನಾವು ಕುರ್ಚಿ ಕೊಡುವವನು ಅವಳ ಪಾಲಿನ ವರನೂ ಆಗಿರಬಹುದು.

ಆದರೆ ಈ ಆಕ್ಷೇಪ ಹೊಡೆಯಬೇಕಾದದ್ದು ಈಗಿರುವ ಪದ್ಧತಿಯನ್ನು. ಬಳಗ ಎಂಬುದು ಒಂದೇ ಬಾಯಿಯ ಪ್ರಾಣಿ ಎಂದು ಗೆಳತಿಯರೂ ನಂಬಿದ್ದಾರೆ, ಬಳಗದ ಗುಣಗಾನ ಮಾಡುವವರೂ ನಂಬಿದ್ದಾರೆ. ಹಾಗಿಲ್ಲ. ಆ ಹುಡುಗಿಯ ಬಳಗದಲ್ಲಿ ಸಾಲಗಾರ ಮಾವನಿದ್ದ, ತಮ್ಮನಿಗೆ ಹೆಣ್ಣು ಹುಡುಕುತ್ತಿದ್ದ ಮಾವನ ಹೆಂಡತಿ ಇದ್ದಳು, ಎಲ್ಲ ಗೊತ್ತಿದ್ದೂ ಮಗನೆದುರು ಬಾಯಿ ಬಿಡಲಾರದ ಅಜ್ಜಿ ಇದ್ದಳು, ಊರಾಚೆ ದುಡಿಯುವ ಸೋದರತ್ತೆ ಇದ್ದಳು. ಮೊದಲ ಸಲ ಅರಿಶಿನದ ದಿನ ಫೋನ್ ಮಾಡಿದ್ದು ಯಾರೆಂದು ಈಗಲೂ ಗೊತ್ತಿಲ್ಲ, ಅದೂ ಒಳಗಿನವರೇ ಎಂಬುದು ನನ್ನ ಗುಮಾನಿ. ನಾವು ಇವರಲ್ಲಿ ಒಬ್ಬನನ್ನು ಆರಿಸಿದೆವು. ಯಾರಿಗೆ ಬಸ್ಸು ಹತ್ತಿ ಜಿಲ್ಲಾ ಕೇಂದ್ರಕ್ಕೆ ಬರುವ ಧೈರ್ಯವಿದೆಯೋ, ಯಾರ ಹೆಸರಿಗೆ ಮನೆಯಿದೆಯೋ, ಯಾರ ಮಾತು ಕಚೇರಿಯಲ್ಲಿ ನಡೆಯುತ್ತದೋ ಅವನೇ ಸಿಗುತ್ತಾನೆ. ಬಳಗದ ಅತ್ಯಂತ ಬಲಿಷ್ಠನ ಕೈಗೆ ಮಗುವನ್ನು ಕೊಟ್ಟು, ‘ಬಳಗಕ್ಕೆ ಕೊಟ್ಟೆವು’ ಎಂದು ಬರೆದುಕೊಳ್ಳುತ್ತೇವೆ. ಹತ್ತು ಮಂದಿ ಕೂತಲ್ಲಿ ಒಬ್ಬಳಾದರೂ ‘ಆ ಮನಿಗೆ ಬ್ಯಾಡ’ ಎನ್ನುತ್ತಾಳೆ. ದೇಹದ ಮೇಲೆ ಕೈಹಾಕಿದ ಆರೋಪವಿದ್ದರೆ ಮಾತು ಬೇರೆ. ಆರೋಪಿ ಆ ಸಭೆಯ ಹೊಸ್ತಿಲೂ ತುಳಿಯಬಾರದು, ಅಲ್ಲಿ ರಾಜಿಗೆ ಜಾಗವಿಲ್ಲ. ಅದು ಪೋಕ್ಸೊ ನ್ಯಾಯಾಲಯದ ಕೆಲಸ. ಆದರೆ ಅಂಥ ಮಗುವಿಗೂ ರಾತ್ರಿ ಮಲಗಲು ಒಂದು ಮನೆ ಬೇಕು. ಆ ಮನೆ ಯಾವುದೆಂದು ಉಳಿದವರನ್ನು ಕೇಳಬೇಕಲ್ಲ?

ಕುಟುಂಬ ಸಭೆಯಿಂದ ಫಲ ಸಿಕ್ಕಿತೇ ಎಂದು ಅಳೆದು ನೋಡಿದವರ ಲೆಕ್ಕಗಳು ಒಂದಕ್ಕೊಂದು ಹೊಂದುವುದಿಲ್ಲ. ಸ್ವೀಡನ್ನಿನಲ್ಲಿ ಸುಂಡೆಲ್ ಮತ್ತು ವಿನ್ನರ್‌ಯುಂಗ್ ಎಂಬಿಬ್ಬರು ಅಂಥ 66 ಸಭೆಗಳ 97 ಮಕ್ಕಳನ್ನು ಮೂರು ವರ್ಷ ಹಿಂಬಾಲಿಸಿ, ಸಾಮಾನ್ಯ ಹಾದಿಯಲ್ಲಿ ಹೋದ 142 ಮಕ್ಕಳೊಡನೆ ಹೋಲಿಸಿ 2004ರಲ್ಲಿ ಬರೆದರು. ಸಭೆ ನಡೆದ ಮಕ್ಕಳ ಬಗ್ಗೆಯೇ ಮತ್ತೆ ಮತ್ತೆ ದೂರು ಬಂದಿತ್ತು. ಇಂಗ್ಲೆಂಡಿನಲ್ಲಿ 21 ಸ್ಥಳೀಯ ಆಡಳಿತಗಳಲ್ಲಿ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಮಗುವನ್ನು ತೆಗೆದುಕೊಳ್ಳುವ ಮಾತು ಕೋರ್ಟಿಗೆ ಹೋಗುವ ಮುಂಚೆ ಸಭೆಗೆ ಕಳಿಸಿದ ಕುಟುಂಬಗಳಲ್ಲಿ ವರ್ಷದ ಮೇಲೆ ನೂರಕ್ಕೆ 36 ಮಕ್ಕಳು ಸರ್ಕಾರದ ಪಾಲನೆಯಲ್ಲಿದ್ದರು. ಕಳಿಸದ ಕುಟುಂಬಗಳಲ್ಲಿ 45. ಪರ ಇರುವವರು ಇಂಗ್ಲೆಂಡನ್ನು ಎತ್ತಿ ಆಡುತ್ತಾರೆ, ವಿರೋಧಿಗಳು ಸ್ವೀಡನ್ನನ್ನು. ನನಗೆ ಹೆಚ್ಚು ಕಲಿಸಿದ್ದು ಸ್ವೀಡನ್ನಿನ ಲೆಕ್ಕ. ಅಲ್ಲಿ ಬಳಗದವರೇ ಮತ್ತೆ ದೂರು ಕೊಟ್ಟದ್ದು ಸಾಮಾನ್ಯ ಹಾದಿಯ ಮಕ್ಕಳಿಗಿಂತ ಸಭೆ ನಡೆದ ಮಕ್ಕಳ ವಿಷಯದಲ್ಲಿ ಹೆಚ್ಚಾಗಿತ್ತು. ಅಧ್ಯಯನಕಾರರ ಪಟ್ಟಿಯಲ್ಲಿ ಅದು ಸೋಲಿನ ಕಡೆ ಬೀಳುವ ಅಂಕಿ. ಊಟದ ಬಿಡುವಿನಲ್ಲಿ ಫೋನ್ ಹಿಡಿದು ನಿಂತ ಸೋದರತ್ತೆಯನ್ನು ಕಂಡ ನನಗೆ ಅದು ಹಾಗೆ ಕಾಣುವುದಿಲ್ಲ. ಒಮ್ಮೆ ಕೇಳಿಸಿಕೊಂಡವರು ಕಣ್ಣಿಟ್ಟಿರುತ್ತಾರೆ. ಏನಾದರೂ ಕೆಟ್ಟರೆ ಯಾರಿಗೆ ಹೇಳಬೇಕೆಂಬುದು ಅವರಿಗೆ ಗೊತ್ತಿರುತ್ತದೆ.

ಹಣದ ಮಾತು ಬಿಟ್ಟರೆ ಇದೆಲ್ಲ ಬರೀ ಉಪದೇಶ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಬಂಧುಗಳ ಮನೆಯಲ್ಲಿ ಬೆಳೆಯುವ ಮಗುವಿಗೆ ಪ್ರಾಯೋಜಕತ್ವದಡಿ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಆದರೆ ಹಳ್ಳಿಯಲ್ಲಾದರೆ ಆ ಮನೆಯ ವರ್ಷದ ಆದಾಯ 72,000 ದಾಟಿರಬಾರದು. ಅಂದರೆ ತಿಂಗಳಿಗೆ ಆರು ಸಾವಿರ. ಗಂಡ-ಹೆಂಡತಿ ಇಬ್ಬರೂ ಕೂಲಿಗೆ ಹೋದರೆ ದಾಟಿಬಿಡುತ್ತದೆ. ಸಾಕಲು ಶಕ್ತಿಯಿಲ್ಲದವರಿಗೆ ಕೊಡುತ್ತೇವೆ, ಶಕ್ತಿ ಇದ್ದರೆ ಕೊಡುವುದಿಲ್ಲ, ಕೊಟ್ಟರೂ ಯಾವಾಗ ಬರುತ್ತದೋ ಗೊತ್ತಿಲ್ಲ. ಈ ಕಾಗದ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವವಳು ಬಹುತೇಕ ಅಜ್ಜಿಯೇ. ಅವಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸು ಪುಕ್ಕಟೆ, ಅದೊಂದು ಪುಣ್ಯ. ಬಸ್ಸಿಳಿದ ಮೇಲೆ ಕೂರಲು ಕುರ್ಚಿ ಮಾತ್ರ ಇನ್ನೂ ಸಿಕ್ಕಿಲ್ಲ.

ಸಮಿತಿಯ ಅವಧಿ ಮುಗಿಯಲು ಕೆಲವು ತಿಂಗಳಿರುವಾಗ ಒಮ್ಮೆ ಪ್ರಯತ್ನಿಸಿದೆವು. ನಿಯಮದಲ್ಲಿ ಇರಲಿಲ್ಲ, ಬೇಡವೆಂದೂ ಇರಲಿಲ್ಲ. ಈ ಸಲ ಹುಡುಗ, ಒಂಬತ್ತು ವರ್ಷ, ತಾಯಿ ಆಸ್ಪತ್ರೆಯಲ್ಲಿ, ತಂದೆಯ ಕುಡಿತಕ್ಕೆ ಮಿತಿಯಿಲ್ಲ. ಕಚೇರಿ ಬೇಡವೆಂದು ಅವರ ಊರಿನ ಶಾಲೆಯಲ್ಲೇ ಭಾನುವಾರ ಕೂಡಿಸಿದೆವು. ಹನ್ನೊಂದು ಮಂದಿ ಬಂದರು. ತಂದೆಯನ್ನು ಕರೆಯಲಿಲ್ಲ, ಅವನ ಅಣ್ಣನನ್ನು ಕರೆದೆವು. ಗೊತ್ತಿದ್ದುದನ್ನೆಲ್ಲ ಹೇಳಿ, ನಾವೂ ಪರಿವೀಕ್ಷಣಾಧಿಕಾರಿಯೂ ಹೊರಗೆ ಬೇವಿನ ಮರದಡಿ ಬಂದು ನಿಂತೆವು. ಒಂದೂಕಾಲು ತಾಸು. ಒಳಗೆ ಜೋರು ದನಿ. ಎರಡು ಸಲ ಬಾಗಿಲು ತೆರೆಯಿತು, ಒಬ್ಬಳು ಕಣ್ಣೊರೆಸುತ್ತ ಬಂದು ನಳದಲ್ಲಿ ಮುಖ ತೊಳೆದು ಮತ್ತೆ ಒಳಗೆ ಹೋದಳು. ಒಳಗೆ ಹೋಗಿ ಬಿಡಿಸಬೇಕೆಂದು ನನ್ನ ಕಾಲು ತುಡಿಯುತ್ತಿತ್ತು. ಅಧಿಕಾರದ ಕುರ್ಚಿಯಲ್ಲಿ ಕೂತವರಿಗೆ ಮರದಡಿ ಸುಮ್ಮನೆ ನಿಲ್ಲುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ.

ಕೊನೆಗೆ ಕರೆದರು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದಿದ್ದರು. ಸೋಮವಾರದಿಂದ ಶುಕ್ರವಾರ ದೊಡ್ಡವ್ವನ ಮನೆ, ಶಾಲೆ ಅಲ್ಲಿಂದ ಹತ್ತಿರ. ಶನಿವಾರ ಭಾನುವಾರ ಆಯಿಯ ಹತ್ತಿರ. ಪುಸ್ತಕ, ಬಟ್ಟೆ ಸೋದರಮಾವ. ತಂದೆ ಕುಡಿದು ಬಂದರೆ ದೊಡ್ಡಪ್ಪ ತಡೆಯಬೇಕು, ಆಗದಿದ್ದರೆ ಪಕ್ಕದ ಮನೆಯ ಮಾಸ್ತರಿಗೆ ಹೇಳಿ ಕಳಿಸಬೇಕು. ಹದಿನೈದು ದಿನಕ್ಕೊಮ್ಮೆ ಚಿಕ್ಕಮ್ಮ ಹುಡುಗನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು, ತಾಯಿಯ ಮುಖ ನೋಡಲು. ಅದರ ಕೆಳಗೆ ಬೇರೆ ಅಕ್ಷರ, ಪೆನ್ಸಿಲ್ಲಿನದು: ‘ಬುಧವಾರ ಸಂಜೆ ಕಬಡ್ಡಿ.’ ಅದನ್ನು ಹುಡುಗನೇ ಬರೆದಿದ್ದ.

ಮಾರನೆಯ ದಿನ ಆ ಹಾಳೆಯನ್ನು ಕಚೇರಿಗೆ ತಂದು ಗುಮಾಸ್ತನ ಮುಂದಿಟ್ಟೆ. ಅವನು ಎರಡು ಸಲ ಓದಿ, ಕಂಪ್ಯೂಟರಿನಲ್ಲಿ ಆದೇಶದ ನಮೂನೆ ತೆರೆದು, ಕನ್ನಡಕ ಹಣೆಗೇರಿಸಿ ಕೇಳಿದ.

‘ಯಾರ ಹೆಸರಿಗೆ ಮಾಡ್ಲಿರಿ ಮೇಡಂ? ಇಲ್ಲಿ ಒಂದೇ ಗೆರಿ ಐತಿ.’